ಅಪ್‌ಡೇಟ್: ಬಾಗುತ್ತಿದ್ದ ಟೊಮೆಟೊ, ಬದನೆ ಸಸಿಗಳು ಚೇತರಿಸಿಕೊಂಡಿವೆ

ಶಿರಸಿಯ ಮಳೆಗಾಲದಲ್ಲಿ ಕಿಟಕಿ ಪಕ್ಕ ಇಟ್ಟ ಸಸಿಗಳು ಸಪೂರ ಬೆಳೆದು ಬಾಗುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೆ. ಬೆಳಕು ಸಾಲುತ್ತಿಲ್ಲ ಅಂತ ಸುಮಾರು ಜನ ಹೇಳಿದಿರಿ. ಅದೇ ನಿಜ. ಆಷಾಢದ ಮೋಡ, ಜೊತೆಗೆ ನಮ್ಮ ಮನೆಯ ತಗ್ಗು ಮಾಡು ಬೇರೆ ಅಡ್ಡ.

6500 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ) ಸಾದಾ ಬಿಳಿ ಎಲ್‌ಇಡಿ ಟ್ಯೂಬನ್ನು ಸಸಿಗಳ ತುದಿಯಿಂದ ಗೇಣಿಗಿಂತ ಕಡಿಮೆ ಎತ್ತರದಲ್ಲಿ ಹಗ್ಗದಿಂದ ತೂಗುಹಾಕಿದೆ. ಸಸಿ ಬೆಳೆದ ಹಾಗೆ ಮೇಲೆತ್ತಬಹುದು. ದಿನಕ್ಕೆ 14 ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲೆ. ಇದಕ್ಕೆ ಗಿಡಗಳಿಗೆ ಅಂತಲೇ ಮಾರುವ ದುಬಾರಿ ನೇರಳೆ ಲೈಟ್ ಬೇಕಾಗಿಲ್ಲ, ಸುಮ್ನೆ ದುಡ್ಡು ಹಾಕಬೇಡಿ. ಉದ್ದವಾದ ಕಾಂಡ ಮತ್ತೆ ಗಿಡ್ಡ ಆಗಲ್ಲ, ಆದರೆ ಹೊಸ ಎಲೆಗಳು ಒತ್ತೊತ್ತಾಗಿ, ಕಡು ಹಸಿರಾಗಿ ಬರುತ್ತಿವೆ. ಟೊಮೆಟೊ ಸಸಿಗಳನ್ನು ಬೀಜದೆಲೆಯ (ಮೊಳಕೆಯಲ್ಲಿ ಮೊದಲು ಬರುವ ಜೋಡಿ ಎಲೆ) ತನಕ ಮಣ್ಣಲ್ಲಿ ಹುಗಿದು ಬೇರೆ ಕುಂಡಕ್ಕೆ ಹಾಕಿದೆ. ಅದರ ಕಾಂಡದಿಂದಲೂ ಬೇರು ಬರುತ್ತೆ ಅಲ್ವಾ.

ನಮ್ಮಲ್ಲಿ ಬೆಳಕಿನಷ್ಟೇ ದೊಡ್ಡ ತಲೆನೋವು ತೇವ. ಕೆಲವು ಬದನೆ ಸಸಿಗಳ ಬುಡ ಕಪ್ಪಾಗಿ, ನೂಲಿನ ಹಾಗೆ ಸಣ್ಣಗಾಗಿ, ಮಲಗಿಬಿಟ್ಟವು. ಅವು ಉಳಿಯಲಿಲ್ಲ. ಈಗ ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ತಟ್ಟೆಗೆ ನೀರು ಹಾಕಿ ಕೆಳಗಿಂದ ಹೀರಿಸುತ್ತೇನೆ. ಟೇಬಲ್ ಫ್ಯಾನ್ ಮೆಲ್ಲಗೆ ತಿರುಗುತ್ತಿರುತ್ತೆ, ಕಾಂಡವೂ ಗಟ್ಟಿಯಾಗುತ್ತೆ.

ಮಳೆ ಹೊಳವಾದ ಮೇಲೆ ಜಗಲಿಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ಬಿಸಿಲಿಗೆ ಒಗ್ಗಿಸುತ್ತೇನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.