ಸಹಾಯ ಬೇಕು: ಮಲ್ಲಿಗೆ ವೆಬ್‌ಸೈಟಿನಲ್ಲಿ ಒತ್ತಕ್ಷರ ಕತ್ತರಿಸಿಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಬಿಸಿಎ ಓದುತ್ತಿದ್ದೇನೆ. ವೆಬ್ ಡಿಸೈನ್ ಕಲಿಯಲು ಶಂಕರಪುರದ ನಮ್ಮ ದೊಡ್ಡಮ್ಮನ ಮಲ್ಲಿಗೆ ವ್ಯಾಪಾರಕ್ಕೆ ಒಂದು ಚಿಕ್ಕ ವೆಬ್‌ಸೈಟ್ ಮಾಡುತ್ತಿದ್ದೇನೆ.

ಮೊದಲ ತೊಂದರೆ ಅಕ್ಷರದ್ದು. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ. ದೊಡ್ಡಮ್ಮನ ಫೋನಿನಲ್ಲಿ ಮಾತ್ರ ಬಟನ್ ಮೇಲಿನ ‘ಮಲ್ಲಿಗೆ’ಯ ಕೆಳಗಿನ ಲ ಒತ್ತು ಅರ್ಧ ಕತ್ತರಿಸಿಹೋಗುತ್ತದೆ. ಮಲ್ಲಿಗೆ ಮಾರುವ ಅಳತೆಯ ಹೆಸರಾದ ‘ಅಟ್ಟೆ’ಯದ್ದೂ ಅದೇ ಕಥೆ. ಲೈನ್ ಹೈಟ್ (ಸಾಲಿನ ಎತ್ತರ) 1 ಇದ್ದದ್ದನ್ನು 1.6 ಮಾಡಿದೆ. ತಲೆಬರಹ ಸರಿಯಾಯಿತು, ಬಟನ್ ಆಗಲಿಲ್ಲ. ಬಟನ್‌ಗೆ ಹೈಟ್ 36 ಪಿಕ್ಸೆಲ್, ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದು ಕಾಣದಂತೆ ಮಾಡುವುದು) ಕೊಟ್ಟಿದ್ದೇನೆ. ಅದೇ ಕಾರಣವಾ? ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟ್ ಅವರ ಫೋನಿನಲ್ಲಿ ಲೋಡ್ ಆಗುತ್ತಿಲ್ಲವಾ? ಹೂವಿನ ಹೆಸರೇ ತುಂಡಾಗಿ ಕಂಡರೆ ಯಾರು ನಂಬಿ ಆರ್ಡರ್ ಕೊಡುತ್ತಾರೆ, ಅಲ್ವಾ?

ಎರಡನೆಯದು ದರ. ಅದು ದಿನಾ ಬದಲಾಗುತ್ತದೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದೊಡ್ಡಮ್ಮ ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಗಡಿಬಿಡಿಯಲ್ಲಿ ಇರುತ್ತಾರೆ. ಅವರು ಕೋಡ್ ಮುಟ್ಟದೆ ಫೋನಿನಲ್ಲೇ ಅಟ್ಟೆಯ ದರ ಬರೆದರೆ, ಸೈಟಿನಲ್ಲಿ ಚೆಂಡಿನ ದರವೂ ತಾನಾಗಿ ಬದಲಾಗಬೇಕು. ದರ ಬರೆಯುವ ಗೂಗಲ್ ಶೀಟನ್ನು ಸಿಎಸ್‌ವಿ (ಸೈಟ್ ಓದಬಲ್ಲ ಸರಳ ಪಟ್ಟಿ) ಆಗಿ ಪಬ್ಲಿಷ್ ಮಾಡಿ ನೋಡಿದೆ. ಕೆಲಸವೇನೋ ಆಗುತ್ತದೆ, ಆದರೆ ಹೊಸ ದರ ಕಾಣಲು ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ಹಳೆ ದರಕ್ಕೆ ಆರ್ಡರ್ ಕೊಟ್ಟರೆ ದೊಡ್ಡಮ್ಮನಿಗೆ ನಷ್ಟ. ಇದಕ್ಕಿಂತ ಒಳ್ಳೆ ದಾರಿ ಇದೆಯಾ?

ಪೂರ್ತಿ ಕೋಡ್ ಬರೆದುಕೊಡುವುದು ಬೇಡ. ಎಲ್ಲಿ ತಪ್ಪಿದೆ ಎಂದು ತೋರಿಸಿ, ನಾನೇ ಸರಿ ಮಾಡುತ್ತೇನೆ.