ಹಳ್ಳದ ಮೇಲೆ ಫೈಬರ್ ಪೈಪ್ ಬಿಲ್ಲಿನ ಹಾಗೆ ಬಾಗಿ ತೂಗಾಡ್ತಿದೆ, ಕಾಫಿ ಹೂ ಅರಳಿಸೋಕೆ ಕೊಡೋ ಬ್ಲಾಸಮ್ ನೀರು ನಿಂತೋಗಿದೆ

ಮೂಡಿಗೆರೆ ರೋಬಸ್ಟಾ:
ನಮಸ್ಕಾರ ಎಲ್ರಿಗೂ. ಕೆರೆಯಿಂದ ಸ್ಪ್ರಿಂಕ್ಲರ್‌ಗೆ ಹೋಗೋ ಮೇನ್ ಲೈನ್ ನಮ್ಮ ತೋಟದಲ್ಲಿ ಒಂದು ಹಳ್ಳ ದಾಟುತ್ತೆ, ಎರಡು ಕಂಬದ ಮಧ್ಯೆ 6 ಮೀಟರ್ ಆಸರೆ ಇಲ್ಲ. 4 ಇಂಚಿನ ಹಳೇ ಜಿಐ (ಸತು ಲೇಪದ ಸ್ಟೀಲ್) ಪೈಪ್ ತುಕ್ಕು ಹಿಡಿದು ತೂತಾಯ್ತು ಅಂತ ಈ ಸಲ ಅದೇ ಸೈಜಿನ ಗ್ಲಾಸ್ ಫೈಬರ್ ಪೈಪ್ ಹಾಕ್ಸಿದೆ, ಪಂಪಿನ ಅದುರು ಪೈಪಿಗೆ ಬರಬಾರ್ದು ಅಂತ ಕಂಬದ ಪಕ್ಕ ರಬ್ಬರ್ ಬೆಲ್ಲೋ (ಹಿಗ್ಗಿ ಕುಗ್ಗೋ ಮೆತ್ತನೆ ಜಾಯಿಂಟ್) ಕೂಡ ಹಾಕಿದೀವಿ. ಪ್ರೆಶರ್ ಚದರ ಸೆಂಟಿಮೀಟರಿಗೆ 6 ಕೆಜಿ ಮುಟ್ಟಿದ್ರೆ ಸಾಕು ಪೈಪ್ ಪಕ್ಕಕ್ಕೆ ಬಾಗಿ ತೂಗೋಕೆ ಶುರು, ಜಾಯಿಂಟಲ್ಲಿ ನೀರು ಚಿಮ್ಮುತ್ತೆ. ಜಿಐ ಇದ್ದಾಗ ಒಂದಿನಾನೂ ಹೀಗಾಗಿಲ್ಲ. ಮೊಗ್ಗು ರೆಡಿ ಇದೆ, ಮಳೆ ಸುದ್ದಿನೇ ಇಲ್ಲ, ಬೇಗ ಹೇಳಿ.

ಸಕಲೇಶಪುರ ಪಂಪ್‌ಸೆಟ್:
ನೀರಿನ ಸ್ಪೀಡ್ ಜಾಸ್ತಿ ಆಗಿರ್ಬೇಕು, ಇಲ್ಲಾಂದ್ರೆ ಎಂಜಿನ್ ಅಲೈನ್‌ಮೆಂಟ್ ನೋಡ್ಸಿ.

ಹಾಸನ ಮೆಕ್ಯಾನಿಕಲ್:
ಎಂಜಿನ್ 1500 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 25 ಸಲ, ಅದು ಕೈಗೆ ಜುಂ ಅನ್ನುತ್ತೆ, ಕಣ್ಣಿಗೆ ತೂಗಾಡೋ ಹಾಗೆ ಕಾಣಲ್ಲ. ಮೂಡಿಗೆರೆಯವ್ರೆ, 10 ಸೆಕೆಂಡಲ್ಲಿ ಎಷ್ಟು ಸಲ ತೂಗುತ್ತೆ ಎಣಿಸಿ. ಆಮೇಲೆ ಇನ್ನೆರಡು ಗನ್ (ನೀರು ಹಾರಿಸೋ ದೊಡ್ಡ ಸ್ಪ್ರಿಂಕ್ಲರ್) ಓಪನ್ ಮಾಡಿದ್ರೆ ಜಾಸ್ತಿ ಆಗುತ್ತಾ ಕಮ್ಮಿ ಆಗುತ್ತಾ? ಬೆಲ್ಲೋಗೆ ಟೈ ರಾಡ್ (ಅದರ ಎರಡೂ ತುದಿ ಸೇರಿಸಿ ಹಿಡಿಯೋ ಸರಳು) ಇದೆಯಾ?

ಮೂಡಿಗೆರೆ ರೋಬಸ್ಟಾ:
13 ಸಲ ಸರ್. ಗನ್ ಓಪನ್ ಮಾಡಿದ್ರೆ ಪ್ರೆಶರ್ 4ಕ್ಕೆ ಇಳಿದು ಪೈಪ್ ಹೆಚ್ಚು ಕಮ್ಮಿ ನೆಟ್ಟಗಾಗುತ್ತೆ. ರಾಡ್ ಹಾಕಿಲ್ಲ.

ಹಾಸನ ಮೆಕ್ಯಾನಿಕಲ್:
ಹಾಗಾದ್ರೆ ಸ್ಪೀಡ್ ಅಲ್ಲ, ಗನ್ ಓಪನ್ ಮಾಡಿದಾಗ ನೀರಿನ ಸ್ಪೀಡ್ ಏರುತ್ತೆ, ಆದ್ರೂ ನಿಮ್ಮ ಪೈಪ್ ಸುಮ್ನಾಯ್ತು. ಹರಿಯೋ ನೀರೂ ಪೈಪನ್ನ ಬಾಗಿಸುತ್ತೆ, ನಿಜ, ಆದ್ರೆ ಸೆಕೆಂಡಿಗೆ 2 ಮೀಟರ್‌ಗೆ ಆ ಒತ್ತು ಬರೀ 3 ಕೆಜಿ. ಬೆಲ್ಲೋ ಎಳೆತ ತಡ್ಕೊಳಲ್ಲ, ಹಂಗಾಗಿ ಒಳಗಿನ ಪ್ರೆಶರ್ ಪೈಪನ್ನ ತುದಿಯಿಂದ ಒತ್ತಿದ ಹಾಗೇ ಆಗುತ್ತೆ, 6 ಕೆಜಿ ಪ್ರೆಶರ್, ಪೈಪಿನ ಒಳಬಾಯಿಯ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್, ಅಂದ್ರೆ 470 ಕೆಜಿ. ನಿಮ್ಮ ಪೈಪ್ ಗೋಡೆ 5 ಎಂಎಂ ಅಂತಿಟ್ಕೊಂಡ್ರೆ 6 ಮೀಟರಿಗೆ ಅದು ಪೂರ್ತಿ ಬಾಗಿಹೋಗೋದು ಸುಮಾರು 760 ಕೆಜಿಗೆ. ಮೊದ್ಲೇ ಇರೋ ಸಣ್ಣ ಡೊಂಕು 470 ಕೆಜಿಗೇ ಎರಡೂವರೆ ಪಟ್ಟಾಗುತ್ತೆ, ತೂಗೋ ವೇಗನೂ ಸೆಕೆಂಡಿಗೆ 2.2ರಿಂದ 1.3ಕ್ಕೆ ಇಳಿಯುತ್ತೆ, ನೀವು ಎಣಿಸಿದ್ದೂ ಅಷ್ಟೇ ನೋಡಿ!

ಜಿಐ ಯಾಕೆ ಸುಮ್ನಿತ್ತು ಅಂದ್ರೆ ಫೈಬರ್ ಪೈಪಲ್ಲಿ ನೂಲನ್ನ ಸಾಮಾನ್ಯವಾಗಿ 55 ಡಿಗ್ರಿ ಓರೆಯಾಗಿ ಸುತ್ತಿರ್ತಾರೆ, ಒಳಗಿನ ಪ್ರೆಶರ್ ತಡೆಯೋಕೆ ಆ ಕೋನ ಚೆನ್ನಾಗಿದೆ, ಉದ್ದಕ್ಕೆ ಬಾಗೋದನ್ನ ತಡೆಯೋಕೆ ಅಲ್ಲ, ಆ ಲೆಕ್ಕದಲ್ಲಿ ಸ್ಟೀಲು ಹದಿನೈದು ಪಟ್ಟಿಗಿಂತ ಜಾಸ್ತಿ ಗಟ್ಟಿ. 1950ರಲ್ಲೇ ಅರೇಬಿಯಾದ ಎಣ್ಣೆ ಪೈಪ್‌ಲೈನ್ ಅದುರೋದನ್ನ ನೋಡಿ ಇಂಥ ಲೆಕ್ಕ ಹಾಕಿದ್ರು, ನನಗಂತೂ ತುಂಬಾ ಇಷ್ಟದ ವಿಷಯ.

ಬೆಲ್ಲೋಗೆ ಟೈ ರಾಡ್ ಹಾಕಿ ನಟ್ ಗ್ಯಾಪಿಲ್ದೆ ಕೂರ್ಸಿ, ಆಗ 470 ಕೆಜಿನ ರಾಡ್ ಹಿಡ್ಕೊಳುತ್ತೆ. ಮಧ್ಯಕ್ಕೊಂದು ಕಂಬನೂ ಕೊಡಿ, 3 ಮೀಟರ್ ಆದ್ರೆ ತಡೆಯೋ ಶಕ್ತಿ ನಾಲ್ಕು ಪಟ್ಟು. ತಂತಿಯಲ್ಲಿ ಮಾತ್ರ ಕಟ್ಬೇಡಿ, ಫೈಬರ್ ಕೊಯ್ದುಬಿಡುತ್ತೆ.

ಮೂಡಿಗೆರೆ ರೋಬಸ್ಟಾ:
ಸರ್, ನಿನ್ನೆ ರಾಡ್ ಹಾಕಿಸಿ 6 ಕೆಜಿಗೆ ಬಿಟ್ವಿ, ಪೈಪ್ ನೆಟ್ಟಗಿದೆ, ರಾತ್ರಿಯೆಲ್ಲಾ ನೀರು ಹಾರಿಸಿದ್ವಿ. ತುಂಬಾ ಉಪಕಾರ ಆಯ್ತು. ನಾಳೆ ಮಧ್ಯದ ಕಂಬ, ಮೇಲೆ ಪೈಪ್ ಕೂರೋಕೆ ಏನು ಹಾಕ್ಲಿ?

ಹಾಸನ ಮೆಕ್ಯಾನಿಕಲ್:
ಪೈಪಿನ ಅರ್ಧ ಸುತ್ತಿಗೆ ಕೂರೋ ಹಾಗೆ ಅಗಲದ ತಗಡು ಬಾಗಿಸಿ, ಒಳಗೆ ದಪ್ಪ ರಬ್ಬರ್ ಶೀಟ್.