ಹೆಪಟೈಟಿಸ್ ಸಿ ಇದ್ದಾಗ ಪ್ಲೇಟ್‌ಲೆಟ್ ಏಕೆ ಇಳಿಯುತ್ತದೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ತಾಯಿಗೆ 58 ವರ್ಷ. ಅವರಿಗೆ ಹೆಪಟೈಟಿಸ್ ಸಿ ಇರುವುದು ಈಚೆಗೆ ಗೊತ್ತಾಯಿತು. ಪ್ಲೇಟ್‌ಲೆಟ್ 82,000ಕ್ಕೆ ಇಳಿದಿದೆ. ಹಲ್ಲುಜ್ಜುವಾಗ ವಸಡಿನಲ್ಲಿ ಒಮ್ಮೊಮ್ಮೆ ರಕ್ತ ಬರುತ್ತದೆ, ಅಷ್ಟೇ. ಸೋಂಕು ಲಿವರ್‌ನಲ್ಲಿರುವಾಗ ಪ್ಲೇಟ್‌ಲೆಟ್ ಏಕೆ ಇಳಿಯಬೇಕು? ಪ್ಲೇಟ್‌ಲೆಟ್ ಹಾಕಿಸಬೇಕೇ?

ಉತ್ತರ: ನಮಸ್ಕಾರ. ಈ ಎಣಿಕೆಗೆ ಪ್ಲೇಟ್‌ಲೆಟ್ ಹಾಕಿಸುವ ಅಗತ್ಯವಿಲ್ಲ. 50,000ಕ್ಕಿಂತ ಮೇಲಿದ್ದಾಗ ತಾನಾಗಿಯೇ ದೊಡ್ಡ ರಕ್ತಸ್ರಾವ ಆಗುವುದು ಅಪರೂಪ. ಹಾಕಿಸಿದರೂ ಕೆಲವೇ ದಿನಗಳಲ್ಲಿ ಎಣಿಕೆ ಮತ್ತೆ ಕೆಳಗಿಳಿಯುತ್ತದೆ.

ಕಾರಣ ಹೆಚ್ಚಾಗಿ ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮದಲ್ಲಿರುತ್ತದೆ (ಸ್ಪ್ಲೀನ್). ವರ್ಷಗಟ್ಟಲೆ ವೈರಸ್ ಇದ್ದರೆ ಲಿವರ್ ಗಾಯದ ಕಲೆ ಕಟ್ಟಿ ಗಟ್ಟಿಯಾಗುತ್ತದೆ. ಆಗ ಅದರೊಳಗೆ ಸರಾಗವಾಗಿ ಹರಿಯಲಾಗದ ರಕ್ತ, ಕಟ್ಟೆಗೆ ತಡೆದ ನೀರಿನಂತೆ ಹಿಂದಕ್ಕೆ ಒತ್ತಿ ನಿಲ್ಲುತ್ತದೆ, ಗುಲ್ಮ ಊದಿಕೊಳ್ಳುತ್ತದೆ. ಆರೋಗ್ಯವಂತರ ಗುಲ್ಮದಲ್ಲಿ ಸುಮಾರು ಮೂರನೇ ಒಂದು ಭಾಗ ಪ್ಲೇಟ್‌ಲೆಟ್ ತಂಗಿರುತ್ತದೆ. ಊದಿದ ಗುಲ್ಮ ಅದಕ್ಕಿಂತ ಬಹಳ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಇದರ ಜೊತೆಗೆ, ಪ್ಲೇಟ್‌ಲೆಟ್ ತಯಾರಿಸುವಂತೆ ಮೂಳೆಮಜ್ಜೆಗೆ ಸೂಚನೆ ಕೊಡುವ ಥ್ರಾಂಬೊಪೊಯಿಟಿನ್ ಎಂಬ ಹಾರ್ಮೋನ್ ಹೆಚ್ಚಾಗಿ ಲಿವರ್‌ನಲ್ಲೇ ಹುಟ್ಟುತ್ತದೆ. ಲಿವರ್ ದಣಿದರೆ ಅದೂ ಕಡಿಮೆಯಾಗುತ್ತದೆ. ಕೆಲವರಲ್ಲಿ ವೈರಸ್ ಮೂಳೆಮಜ್ಜೆಯನ್ನೇ ಕುಗ್ಗಿಸುತ್ತದೆ, ಇಲ್ಲವೇ ದೇಹ ತನ್ನದೇ ಪ್ಲೇಟ್‌ಲೆಟ್‌ಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ.

ಆದ್ದರಿಂದ ಆ 82,000ವನ್ನು ಲಿವರ್ ಕಳಿಸಿದ ಸುದ್ದಿಯೆಂದು ಓದಿ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಫೈಬ್ರೊಸ್ಕ್ಯಾನ್ ಮಾಡಿಸಿ, ಅಲ್ಟ್ರಾಸೌಂಡ್‌ನಲ್ಲಿ ಗುಲ್ಮದ ಗಾತ್ರ ನೋಡಿಸಿ. ಸಿರೋಸಿಸ್, ಅಂದರೆ ಲಿವರ್ ಹೀಗೆ ಕಲೆ ಕಟ್ಟಿ ಪೂರ್ತಿ ಗಟ್ಟಿಯಾದ ಸ್ಥಿತಿ ಇದ್ದರೆ, ಎಣಿಕೆ ಒಂದೂವರೆ ಲಕ್ಷಕ್ಕಿಂತ ಕಡಿಮೆ ಇರುವುದರಿಂದ, ಹಿಂದಕ್ಕೆ ಒತ್ತಿದ ಅದೇ ರಕ್ತದಿಂದ ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ಎಂಡೋಸ್ಕೋಪಿ ಮಾಡಿಸಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ದಯವಿಟ್ಟು ಅದನ್ನು ಮುಂದೂಡಬೇಡಿ. ನನಗೆ ವಸಡಿನ ರಕ್ತಕ್ಕಿಂತ ಹೆಚ್ಚು ಚಿಂತೆ ಅದರದ್ದೇ.

ಪ್ರಶ್ನೆ: ಪ್ಲೇಟ್‌ಲೆಟ್ ಕಡಿಮೆ ಇರುವಾಗ ವೈರಸ್‌ಗೆ ಚಿಕಿತ್ಸೆ ಕೊಡಬಹುದೇ? ಕೊಡಬಾರದೆಂದು ಯಾರೋ ಹೇಳಿದರು.

ಉತ್ತರ: ಅದು ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದ ಮಾತು. ಆ ಔಷಧವೇ ಪ್ಲೇಟ್‌ಲೆಟ್ ಇಳಿಸುತ್ತಿತ್ತು. ಎಷ್ಟೋ ಜನರ ಚಿಕಿತ್ಸೆ ಅರ್ಧಕ್ಕೇ ನಿಂತಿದ್ದೂ ಅದರಿಂದಲೇ. ಈಗಿನ ಸೊಫೊಸ್ಬುವಿರ್, ವೆಲ್ಪಟಾಸ್ವಿರ್ ಮಾತ್ರೆಗಳಿಗೆ ಆ ತೊಂದರೆಯಿಲ್ಲ. ಸಾಮಾನ್ಯವಾಗಿ 12 ವಾರಗಳ ಕೋರ್ಸ್. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಶುರು ಮಾಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲೇಬೇಕು, ಏಕೆಂದರೆ ಸಿ ಹೋಗುವಾಗ ಅಡಗಿದ್ದ ಬಿ ಮೇಲೇಳಬಹುದು.

ವೈರಸ್ ಹೋದ ಮೇಲೆ ಎಣಿಕೆ ಅನೇಕರಲ್ಲಿ ನಿಧಾನವಾಗಿ ಏರುತ್ತದೆ. ಆದರೆ ಸಿರೋಸಿಸ್ ಬೇರೂರಿ ಗುಲ್ಮ ತುಂಬಾ ದೊಡ್ಡದಾಗಿದ್ದರೆ ಪೂರ್ತಿ ಸರಿಹೋಗದೆಯೂ ಇರಬಹುದು. ಅಂಥವರು ಗುಣವಾದ ಮೇಲೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಿರಬೇಕು, ಲಿವರ್ ಕ್ಯಾನ್ಸರ್ ಮೇಲೆ ಕಣ್ಣಿಡಲು.

ಪ್ರಶ್ನೆ: ಅಮ್ಮ ಮಂಡಿನೋವಿಗೆ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತಾರೆ. ಪರವಾಗಿಲ್ಲವೇ?

ಉತ್ತರ: ಇಂದೇ ನಿಲ್ಲಿಸಿ. ಐಬುಪ್ರೊಫೆನ್ ಸಹ ಬೇಡ. ಇವು ಉಳಿದಿರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಸಿರೋಸಿಸ್ ಇದ್ದರೆ ಮೂತ್ರಪಿಂಡಕ್ಕೂ ಅಪಾಯ. ನೋವಿಗೆ ಪ್ಯಾರಾಸಿಟಮಾಲ್, ದಿನಕ್ಕೆ 2 ಗ್ರಾಂ ಮೀರದಂತೆ, ವೈದ್ಯರಿಗೆ ತಿಳಿಸಿಯೇ ಕೊಡಿ. ಆಸ್ಪಿರಿನ್ ಅನ್ನು ಹೃದಯಕ್ಕೆಂದು ಬರೆದುಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸದೆ ಆ ವೈದ್ಯರನ್ನೇ ಕೇಳಿ. ಹಲ್ಲು ಕೀಳಿಸುವುದಿದ್ದರೆ ದಂತವೈದ್ಯರಿಗೆ ಮೊದಲೇ ಈ ರಿಪೋರ್ಟ್ ತೋರಿಸಿ. ಮಲ ಟಾರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.